ನಗರಸಭೆ, ಕಸ, ನೀರು: ಪರಿಸರ ಇಂಜಿನಿಯರ್ ಜೊತೆ ಭಾನುವಾರದ ಪ್ರಶ್ನೋತ್ತರ

ಅಡ್ಮಿನ್: ಕೊಪ್ಪಳ ಜಿಲ್ಲೆಯ ನಮ್ಮ ಊರ ಗುಂಪಿನಲ್ಲಿ ಇವತ್ತು ನಿವೃತ್ತ ಪರಿಸರ ಇಂಜಿನಿಯರ್ ಒಬ್ಬರು ಉತ್ತರ ಕೊಡುತ್ತಾರೆ. ಮೂರು ನಗರಸಭೆಗಳಲ್ಲಿ ಕೆಲಸ ಮಾಡಿದವರು. ರಾಜಕೀಯ ಬೇಡ.

ಕಿರಾಣಿ ಅಂಗಡಿಯವರು: ಸರ್, ನಮ್ಮ ಓಣಿಗೆ ಕಸದ ಗಾಡಿ ಎಷ್ಟು ಗಂಟೆಗೆ ಬರುತ್ತೆ?

ಇಂಜಿನಿಯರ್: ನಾನು ಈಗ ನಗರಸಭೆಯಲ್ಲಿಲ್ಲ. ಆರೋಗ್ಯ ನಿರೀಕ್ಷಕರನ್ನು ಕೇಳಿ.

ವಾರ್ಡ್ ಸದಸ್ಯರು: ನಮಸ್ಕಾರ ಸರ್. ನಗರಸಭೆಗೆ ಐಎಸ್‌ಒ 14001 ಅಂತ ಪರಿಸರ ನಿರ್ವಹಣೆಯ ಸರ್ಟಿಫಿಕೇಟ್ ತಗೊಂಡರೆ ಊರು ಸ್ವಚ್ಛ ಆಯ್ತು ಅಂತಾನೇ ಅಲ್ವಾ? ಒಬ್ಬರು ಬಂದು ತಿಂಗಳಲ್ಲಿ ಸರ್ಟಿಫಿಕೇಟ್ ಕೊಡಿಸ್ತೀನಿ ಅಂದಿದ್ದಾರೆ.

ಇಂಜಿನಿಯರ್: ಅಲ್ಲ. ಗಾಳಿ ಇಷ್ಟು ಚೊಕ್ಕ ಇರಬೇಕು, ನೀರು ಇಷ್ಟು ಚೊಕ್ಕ ಇರಬೇಕು ಅಂತ ಆ ಮಾನದಂಡ ಹೇಳುವುದೇ ಇಲ್ಲ. ನಿಮ್ಮ ಕೆಲಸದಿಂದ ಏನೇನು ಹಾಳಾಗುತ್ತದೆ ಪಟ್ಟಿ ಮಾಡಿ, ಯಾವ ಕಾನೂನು ನಿಮಗೆ ಅನ್ವಯಿಸುತ್ತದೆ ಬರೆದಿಡಿ, ಯಾರು ನೋಡುತ್ತಾರೆ, ತಪ್ಪಿದರೆ ಯಾರು ಸರಿ ಮಾಡುತ್ತಾರೆ ಹೇಳಿ, ಆಮೇಲೆ ಮಾಡಿದ್ದನ್ನು ತೋರಿಸಿ ಅನ್ನುತ್ತದೆ. ಐಎಸ್‌ಒ ಸಂಸ್ಥೆ ತಾನಾಗಿ ಸರ್ಟಿಫಿಕೇಟ್ ಕೊಡುವುದಿಲ್ಲ, ಬೇರೆ ಸಂಸ್ಥೆಗಳು ಆಡಿಟ್ ಮಾಡಿ ಕೊಡುತ್ತವೆ. ತಿಂಗಳಲ್ಲಿ ಕೊಡಿಸುವವರಿಗೆ ಚಹಾ ಕುಡಿಸಿ ಕಳಿಸಿ.

ನಾನು ಹಿಂದೆ ಇದ್ದ ಒಂದು ಕಡೆ ಕಸದ ಯಾರ್ಡಿನ ರಿಜಿಸ್ಟರ್ ತೆಗೆದು ನೋಡಿದೆ. ಇಡೀ ತಿಂಗಳು ದಿನಾಲೂ 18 ಟನ್. ಹಬ್ಬದ ದಿನಾನೂ 18, ಮಳೆ ಬಂದು ಗಾಡಿ ಹೂತುಕೊಂಡ ದಿನಾನೂ 18. ಒಂದೇ ಪೆನ್ನು, ಒಂದೇ ಕೈ. ತೂಕದ ಯಂತ್ರದ ಮೇಲೆ ನಾಯಿ ಮಲಗಿತ್ತು. ಇಂಥ ರಿಜಿಸ್ಟರಿಗೆ ಚೌಕಟ್ಟು ಹಾಕಿಸಿದರೆ ಊರು ಸ್ವಚ್ಛ ಆಗುತ್ತಾ?

ಕಿರಾಣಿ ಅಂಗಡಿಯವರು: ಸರ್ ಗಾಡಿ ಟೈಮ್?

ಇಂಜಿನಿಯರ್: ಮೇಲೆ ಓದಿ.

ಅಂಗನವಾಡಿ ಕಾರ್ಯಕರ್ತೆ: ಸರ್, ನಮ್ಮ ಮನೆ ಕಸದ ಯಾರ್ಡಿನ ಹಿಂದೆ, ಇಳಿಜಾರಿನಲ್ಲಿದೆ. ಈ ಸಲ ಮಳೆ ಆದ ಮೇಲೆ ಬೋರ್ ನೀರು ತಿಳಿ ಹಳದಿ ಆಗಿದೆ. ಚಹಾದ ಮೇಲೆ ಪೊರೆ ಕಟ್ಟುತ್ತೆ. ಎಮ್ಮೆ ಮೂಸಿ ನೋಡಿ ಹಿಂದೆ ಸರಿಯುತ್ತೆ. ಪಕ್ಕದ ಮನೆ ಬೋರ್ ಚೆನ್ನಾಗೇ ಇದೆ. ಮನೆಯಲ್ಲಿ ನಾಲ್ಕು ತಿಂಗಳ ಮಗು ಇದೆ, ಬಾಟಲಿ ಹಾಲು. ಕಾಯಿಸಿ ಕೊಡುತ್ತಿದ್ದೇವೆ.

ಫಾರ್ವರ್ಡ್ ಮಾಡಿದವರು: ಅಕ್ಕಾ, ಪಟಿಕದ (ಆಲಂ) ಉಂಡೆ ಕಟ್ಟಿ ಬೋರಿಗೆ ಬಿಡಿ, ಮೇಲೆ ಎರಡು ಕೆಜಿ ಬ್ಲೀಚಿಂಗ್. ಮೂರು ದಿನದಲ್ಲಿ ಅಮೃತ. ಎಲ್ಲರಿಗೂ ಕಳಿಸಿ 🙏

ಇಂಜಿನಿಯರ್: ಅಮ್ಮಾ, ಮೊದಲು ಇದು ಮಾಡಿ. ಆ ನೀರಿನಲ್ಲಿ ಮಗುವಿನ ಹಾಲು ಕಲಸುವುದನ್ನು ಇವತ್ತೇ ನಿಲ್ಲಿಸಿ. ಕಾಯಿಸಿದರೆ ಕ್ರಿಮಿ ಸಾಯುತ್ತವೆ, ಆದರೆ ಕಸ, ಶೌಚದಿಂದ ಇಳಿದು ನೀರಿನಲ್ಲಿ ಕರಗುವ ನೈಟ್ರೇಟ್ ಅನ್ನುವ ಲವಣ ಇದ್ದರೆ ಅದು ಹೋಗುವುದಿಲ್ಲ. ನೀರು ಆವಿಯಾಗಿ ಅದು ಇನ್ನೂ ಜಾಸ್ತಿ ಆಗುತ್ತದೆ. ಆರು ತಿಂಗಳ ಒಳಗಿನ ಕೂಸಿಗೆ ಅದು ರಕ್ತ ಆಮ್ಲಜನಕ ಹೊರದಂತೆ ಮಾಡುತ್ತದೆ. ತುಟಿ, ಉಗುರು ನೀಲಿ ಕಂಡರೆ ಒಂದು ಕ್ಷಣ ಕಾಯಬೇಡಿ, ಆಸ್ಪತ್ರೆಗೆ ಓಡಿ.

ಪಕ್ಕದ ಬೋರ್ ಚೆನ್ನಾಗಿದೆ ಅಂತ ಧೈರ್ಯ ಬೇಡ. ನಮ್ಮದು ಗಟ್ಟಿ ಕಲ್ಲಿನ ಸೀಮೆ. ನೀರು ಬಂಡೆಯ ಸೀಳಿನಲ್ಲಿ ಹರಿಯುತ್ತದೆ. ಇಪ್ಪತ್ತು ಅಡಿ ಆಚೆ ಬೇರೆ ಸೀಳು, ಬೇರೆ ನೀರು. ಕಸದ ಗುಡ್ಡೆಯಿಂದ ಇಳಿಯುವ ಕಪ್ಪು ನೀರು ನಿಮ್ಮ ಸೀಳನ್ನು ಹಿಡಿದಿರಬಹುದು. ಇಲ್ಲಾ, ನಿಮ್ಮದೇ ಶೌಚದ ಗುಂಡಿ ಇರಬಹುದು. ಗುಂಡಿ ಬೋರಿನಿಂದ ಎಷ್ಟು ದೂರ ಇದೆ, ಅದನ್ನೂ ಹೇಳಿ.

ಹತ್ತು ನಿಮಿಷ ಮೋಟಾರ್ ಓಡಿಸಿ, ಚೊಕ್ಕ ಬಾಟಲಿಯನ್ನು ಅದೇ ನೀರಿನಲ್ಲಿ ಮೂರು ಸಲ ತೊಳೆದು ತುಂಬಿ, ತಂಪಿನಲ್ಲಿಟ್ಟು ಅದೇ ದಿನ ಜಿಲ್ಲಾ ನೀರಿನ ಪ್ರಯೋಗಾಲಯಕ್ಕೆ ಮುಟ್ಟಿಸಿ. ಕ್ರಿಮಿ ಪರೀಕ್ಷೆಯ ಬಾಟಲಿ ಬೇರೆ, ಅದನ್ನು ಅವರೇ ಕೊಡುತ್ತಾರೆ, ಅದನ್ನು ತೊಳೆಯಬೇಡಿ. ನೈಟ್ರೇಟ್, ಅಮೋನಿಯಾ, ಕ್ಲೋರೈಡ್, ಟಿಡಿಎಸ್ (ನೀರಿನಲ್ಲಿ ಕರಗಿದ್ದರ ಒಟ್ಟು ಪ್ರಮಾಣ) ಕೇಳಿ. ಫ್ಲೋರೈಡನ್ನೂ ನೋಡಿಸಿ, ಅದು ಈ ಸೀಮೆಯ ಕಲ್ಲಿನಲ್ಲೇ ಇದೆ, ಕಸಕ್ಕೆ ಅದರ ತಪ್ಪು ಹೊರಿಸಬಾರದು. ನೈಟ್ರೇಟ್ ಮಿತಿ ಲೀಟರಿಗೆ 45 ಮಿಲಿಗ್ರಾಂ. ಪಕ್ಕದ ಬೋರಿನ ನೀರನ್ನೂ ಒಯ್ಯಿರಿ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ನನಗೂ ಒಂದಿಷ್ಟು ತಿಳಿಯುತ್ತದೆ.

ಪಟಿಕ ಹಾಕಿದರೆ ರಾಡಿ ಕೆಳಗೆ ಕೂರುತ್ತದೆ. ಕರಗಿದ್ದು ಕರಗಿಯೇ ಇರುತ್ತದೆ.

ಹೋಟೆಲ್ ಮಾಲೀಕರು: ಗಟಾರದ ವಾಸನೆಗೆ ಬ್ಲೀಚಿಂಗ್ ಜೊತೆ ಟಾಯ್ಲೆಟ್ ಆಸಿಡ್ ಕಲಸಿ ಹಾಕಿ ಅಂತ ಬಂದಿದೆ, ಹಾಕಬಹುದಾ?

ಇಂಜಿನಿಯರ್: ಹಾಕಬೇಡಿ!! ಕ್ಲೋರಿನ್ ಗಾಳಿ ಏಳುತ್ತದೆ. ಅಡುಗೆಮನೆಯಲ್ಲಿ ಯಾರಾದರೂ ಬಿದ್ದರೆ ಈ ಫಾರ್ವರ್ಡ್ ಕಳಿಸಿದವರು ಬರುತ್ತಾರಾ?

ಫಾರ್ವರ್ಡ್ ಮಾಡಿದವರು: ಸರ್, ನಾನು ಒಳ್ಳೇದಕ್ಕೇ ಹಾಕಿದ್ದು.

ನಿವೃತ್ತ ಶಿಕ್ಷಕರು: ಮೊದಲು ಈ ಹೋಟೆಲಿನವರು ಅನ್ನ, ಪ್ಲಾಸ್ಟಿಕ್ ಎಲೆ, ಗ್ಲಾಸು ಎಲ್ಲ ಒಂದೇ ಚೀಲಕ್ಕೆ ತುರುಕುವುದು ಬಿಡಲಿ. ಅದಕ್ಕೇ ಯಾರ್ಡ್ ಕೊಳೆತಿದೆ.

ಹೋಟೆಲ್ ಮಾಲೀಕರು: ಮಾಸ್ತರ್ರೇ, ನಿಮ್ಮ ಮನೆ ಮುಂದೆ ದಿನಾ ಬೆಳಿಗ್ಗೆ ಹೊಗೆ ಏಳುತ್ತಲ್ಲಾ, ಅದು ಊದಿನಕಡ್ಡೀನಾ?

ನಿವೃತ್ತ ಶಿಕ್ಷಕರು: ಒಣ ಎಲೆ ರೀ!

ಹೋಟೆಲ್ ಮಾಲೀಕರು: ಒಣ ಎಲೆ ಕರಿ ಹೊಗೆ ಬಿಡಲ್ಲ. ಹಾಲಿನ ಪ್ಯಾಕೆಟ್ ಬಿಡುತ್ತೆ.

ಇಂಜಿನಿಯರ್: ಎಲೆ ಆದರೂ ಸುಡುವ ಹಾಗಿಲ್ಲ. ಬಯಲಲ್ಲಿ ಕಸ ಸುಟ್ಟರೆ 5,000 ರೂಪಾಯಿ ದಂಡ, ದೊಡ್ಡ ಪ್ರಮಾಣದಲ್ಲಿ ಸುಟ್ಟರೆ 25,000 ಅಂತ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರಲ್ಲೇ ಹೇಳಿದೆ. ಹೋಟೆಲಿನವರೇ, ದಿನಕ್ಕೆ 100 ಕೆಜಿ ಕಸ ದಾಟಿದರೆ ಹಸಿ ಕಸದ ವ್ಯವಸ್ಥೆ ನೀವೇ ಮಾಡಿಕೊಳ್ಳಬೇಕು. ಇಬ್ಬರೂ ಸುಮ್ಮನಿರಿ.

ಪೌರಕಾರ್ಮಿಕರ ಮನೆಯವರು: ಸರ್, ನಮ್ಮವರಿಗೆ ಗ್ಲೌಸ್ ಕೊಟ್ಟು ಏಳು ತಿಂಗಳಾಯ್ತು. ನಿಮ್ಮ ಆ ರಿಜಿಸ್ಟರಿನಲ್ಲಿ ಅದನ್ನೂ ಬರೀತಾರಾ?

ವಾರ್ಡ್ ಸದಸ್ಯರು: ಇದು ಇಲ್ಲಿ ಕೇಳುವ ಪ್ರಶ್ನೆ ಅಲ್ಲ.

ಕಿರಾಣಿ ಅಂಗಡಿಯವರು: ಹಂಗಾದ್ರೆ ಎಲ್ಲಿ ಕೇಳಬೇಕ್ರೀ?

ಅಕ್ಕಿ ಗಿರಣಿ ಹತ್ತಿರದವರು: ಗಿರಣಿ ಹೊಟ್ಟಿನ ಬೂದಿ ಮಾಳಿಗೆ ಮೇಲೆ ಬೀಳುತ್ತೆ. ಯಾರಿಗೆ ದೂರು ಕೊಡಬೇಕು?

ಇಂಜಿನಿಯರ್: ಮಾಲಿನ್ಯ ನಿಯಂತ್ರಣ ಮಂಡಳಿಗೆ.

ಯುವಕ: ದೂರು ಕೊಡಿ, ಗಿರಣಿ ಮುಚ್ಚಲಿ, ಆಮೇಲೆ ಹಮಾಲರಿಗೆ ನೀವೇ ಊಟ ಹಾಕಿ.

ಅಕ್ಕಿ ಗಿರಣಿ ಹತ್ತಿರದವರು: ನಿನ್ನ ಮಾಳಿಗೆ ಮೇಲೆ ಬಿದ್ದರೆ ಗೊತ್ತಾಗುತ್ತೆ ತಮ್ಮಾ.

ಅಡ್ಮಿನ್: ದಯವಿಟ್ಟು ವೈಯಕ್ತಿಕ ಬೇಡ. ಮೂರನೇ ಸಲ ಹೇಳ್ತಾ ಇದ್ದೀನಿ.

ಅಂಗನವಾಡಿ ಕಾರ್ಯಕರ್ತೆ: ಸರ್, ಗುಂಡಿ ಅಳೆದೆವು. ಬೋರಿನಿಂದ ಹದಿನಾಲ್ಕು ಅಡಿ. ಮಗುವಿಗೆ ಕ್ಯಾನ್ ನೀರು ತಂದೆವು.

ಇಂಜಿನಿಯರ್: ಹದಿನಾಲ್ಕು ಅಡಿ ಬಹಳ ಹತ್ತಿರ ಆಯ್ತಮ್ಮಾ. ಹಾಗಾದರೆ ಯಾರ್ಡ್ ಒಂದನ್ನೇ ಬೈಯುವ ಹಾಗಿಲ್ಲ. ಕ್ರಿಮಿ ಪರೀಕ್ಷೆ ತಪ್ಪಿಸಬೇಡಿ. ಕ್ಯಾನಿನ ನೀರನ್ನು ಕಾಯಿಸಿಯೇ ಕೊಡಿ. ವರದಿ ಬಂದ ಮೇಲೆ ಇಲ್ಲಿ ಹಾಕಬೇಡಿ, ಇಲ್ಲಿ ಹತ್ತು ಜನ ಹತ್ತು ಔಷಧಿ ಹೇಳುತ್ತಾರೆ. ನನಗೆ ನೇರವಾಗಿ ಕಳಿಸಿ.

ಫಾರ್ವರ್ಡ್ ಮಾಡಿದವರು: ನುಗ್ಗೆ ಬೀಜದ ಪುಡಿ ಹಾಕಿದರೆ ನೈಟ್ರೇಟ್ ಹೋಗುತ್ತೆ ಅಂತ ಇದೆ ನೋಡಿ ಸರ್, ವಿಡಿಯೋ ಹಾಕಿದ್ದೀನಿ.

ಕಿರಾಣಿ ಅಂಗಡಿಯವರು: ಗಾಡಿ ಇವತ್ತೂ ಬಂದಿಲ್ಲ.