ಎಐ ಪಕ್ಷಪಾತವನ್ನು ಹೈಸ್ಕೂಲ್ ಮಕ್ಕಳಿಗೆ ಒಂದೇ ಪೀರಿಯಡ್‌ನಲ್ಲಿ ತೋರಿಸುವುದು ಹೇಗೆ?

ಪ್ರಶ್ನೆ:
ತಂತ್ರಜ್ಞಾನದ ನೈತಿಕತೆ ಅಂತ ಶುರು ಮಾಡಿದರೆ ಪಾಠ ಉಪದೇಶವಾಗಿಬಿಡುತ್ತದೆ. ಇರುವುದು 40 ನಿಮಿಷ, ಒಂದು ಲ್ಯಾಪ್‌ಟಾಪ್. ಕಣ್ಣಿಗೆ ಕಾಣುವಂಥ ಪ್ರಯೋಗ ಏನಾದರೂ ಇದೆಯೇ?

ಉತ್ತರ 1:
ಚಿತ್ರ ತೋರಿಸಿ ಯಂತ್ರಕ್ಕೆ ವಸ್ತು ಗುರುತಿಸಲು ಕಲಿಸುವ ಗೂಗಲ್‌ನ ಉಚಿತ ಸಾಧನ ಟೀಚಬಲ್ ಮಷೀನ್ ಸಾಕು, ಬ್ರೌಸರ್‌ನಲ್ಲೇ ನಡೆಯುತ್ತದೆ. ಲೋಟದ 40 ಚಿತ್ರ ಬಿಳಿ ಗೋಡೆಯ ಮುಂದೆ, ಬಾಟಲಿಯ 40 ಚಿತ್ರ ಕಪ್ಪು ಹಲಗೆಯ ಮುಂದೆ ತೆಗೆದು ತರಬೇತಿ ಕೊಡಿ. ಆಮೇಲೆ ಲೋಟವನ್ನು ಹಲಗೆಯ ಮುಂದೆ ಹಿಡಿಯಿರಿ. ಸಾಮಾನ್ಯವಾಗಿ ‘ಬಾಟಲಿ’ ಅನ್ನುತ್ತದೆ, ಅದೂ ಅನುಮಾನವೇ ಇಲ್ಲದ ಹಾಗೆ! ಅದು ಕಲಿತದ್ದು ಹಿನ್ನೆಲೆಯನ್ನು. ವಸ್ತುವನ್ನು ಕ್ಯಾಮೆರಾಗೆ ತೀರಾ ಹತ್ತಿರ ಹಿಡಿದರೆ ಹಿನ್ನೆಲೆ ಮರೆಯಾಗಿ ಪ್ರಯೋಗ ಕೈಕೊಡುತ್ತದೆ; ಚೌಕಟ್ಟಿನ ಕಾಲುಭಾಗ ಮಾತ್ರ ತುಂಬಲಿ. ಆದರೆ ಮಕ್ಕಳ ಮುಖವನ್ನು ಬಳಸಲೇಬೇಡಿ, ತಪ್ಪು ಉತ್ತರ ಬಂದರೆ ಗೇಲಿಗೆ ದಾರಿ.

ಉತ್ತರ 2:
ಅದಾದ ಮೇಲೆ ಬೋರ್ಡಿನ ಮೇಲೆ ಒಂದು ಲೆಕ್ಕ ಹಾಕಿಸಿ. 100 ಜನರಲ್ಲಿ ‘ಅ’ ಗುಂಪಿನವರು 90, ‘ಬ’ ಗುಂಪಿನವರು 10. ಯಂತ್ರ ‘ಅ’ದಲ್ಲಿ 88, ‘ಬ’ದಲ್ಲಿ 4 ಸರಿ ಗುರುತಿಸಿತು. ಒಟ್ಟು ನಿಖರತೆ ಶೇ 92; ‘ಬ’ ಗುಂಪಿಗೆ ಬರೀ ಶೇ 40. ಇದು ಕಾಲ್ಪನಿಕವಲ್ಲವೇ ಅಂದರೆ, ಸಂಶೋಧಕಿಯರಾದ ಜಾಯ್ ಬುಲಮ್ವಿನಿ ಮತ್ತು ಟಿಮ್ನಿಟ್ ಗೆಬ್ರು 2018ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿ: ಮುಖ ನೋಡಿ ಲಿಂಗ ಹೇಳುವ ವಾಣಿಜ್ಯ ತಂತ್ರಾಂಶಗಳಲ್ಲಿ ಕಪ್ಪು ಚರ್ಮದ ಮಹಿಳೆಯರ ವಿಷಯದಲ್ಲಿ ತಪ್ಪು ಶೇ 34.7ರವರೆಗೆ, ಬಿಳಿ ಚರ್ಮದ ಪುರುಷರಲ್ಲಿ ಹೆಚ್ಚೆಂದರೆ ಶೇ 0.8.

ಉತ್ತರ 3:
ಚರ್ಚೆಗೆ ಕೊನೆಯ 15 ನಿಮಿಷ ಉಳಿಸಿಕೊಳ್ಳಿ. ‘ಇದು ಸರಿಯೇ?’ ಅಂತ ಕೇಳಿದರೆ ಎಲ್ಲರೂ ‘ಇಲ್ಲ’ ಅಂದು ಸುಮ್ಮನಾಗುತ್ತಾರೆ. ‘ತಪ್ಪಾದರೆ ಪೆಟ್ಟು ಯಾರಿಗೆ, ದೂರು ಎಲ್ಲಿ ಕೊಡಬೇಕು, ತಿದ್ದುವವರು ಯಾರು?’ ಅಂತ ಕೇಳಿ. ಅಂಕ ಕೊಡುವುದಿದ್ದರೆ ಅಭಿಪ್ರಾಯಕ್ಕಲ್ಲ, ಕಾರಣಕ್ಕೆ ಕೊಡಿ.