ಪಿಕಪ್‌ನ ಲೋಡ್ ಬಾಡಿ ಒಳಗೆ ನಾವೇ ರೋಲರ್‌ನಲ್ಲಿ ಬೆಡ್‌ಲೈನರ್ ಹಾಕೋದು: ತುಕ್ಕು, ಪ್ರೈಮರ್, ಎಷ್ಟು ಲೀಟರ್?

ಘಟ್ಟದಲೋಡು:

1.3 ಟನ್ ಪಿಕಪ್, ಎಂಟು ವರ್ಷ ಹಳೇದು, ಓಡೋದು ಸಕಲೇಶಪುರದ ಸುತ್ತಮುತ್ತ. ಲೋಡ್ ಅಂದ್ರೆ ಕಾಫಿ ಚೀಲ, ಯೂರಿಯಾ, ಪೊಟ್ಯಾಷ್, ಬೇಸಿಗೇಲಿ ಜಲ್ಲಿ. ಬಾಡಿ ಒಳಗಡೆ ನೆಲ 8 ಅಡಿ × 5.5 ಅಡಿ, ಸೈಡ್ ಎತ್ತರ 1.25 ಅಡಿ. ನೆಲದ ಪೇಂಟ್ ಅರ್ಧ ಹೋಗಿದೆ. ಕ್ಯಾಬಿನ್ ಕಡೆಯ ಎರಡು ಮೂಲೆ, ಹಿಂದಿನ ಡೋರ್‌ನ ಕೆಳಗಿನ ಮಡಿಕೆ, ಇಷ್ಟರಲ್ಲಿ ತುಕ್ಕು ಹಪ್ಪಳದ ಹಾಗೆ ಏಳ್ತಿದೆ. ಹೋದ ವರ್ಷ ರೆಡ್ ಆಕ್ಸೈಡ್ ಮೇಲೆ ಕಪ್ಪು ಎನಾಮೆಲ್ ಹೊಡೆದಿದ್ದು ನಿಂತಿಲ್ಲ.

ಈಗ ರೋಲರ್‌ನಲ್ಲಿ ಬೆಡ್‌ಲೈನರ್ (ಲೋಡ್ ಬಾಡಿ ಒಳಗೆ ಹಚ್ಚೋ ದಪ್ಪ, ಗಟ್ಟಿ ಲೇಪನ) ಹಾಕೋಣ ಅಂತ. ಕೇಳಬೇಕಾದ್ದು: ಹಳೇ ಎನಾಮೆಲ್ ಪೂರ್ತಿ ತೆಗೀಬೇಕಾ, ಉಜ್ಜಿ ಅದರ ಮೇಲೇ ಹಾಕಬಹುದಾ? ಸಿಂಗಲ್ ಪ್ಯಾಕ್ ಒಳ್ಳೇದಾ, ಹಾರ್ಡ್ನರ್ ಬೆರೆಸೋ 2ಕೆ ಒಳ್ಳೇದಾ? ಎಷ್ಟು ಲೀಟರ್ ತರಬೇಕು? ಮಳೆ ಹಿಡಿಯೋಕೆ ಮೂರು ವಾರ ಇದೆ.

ಪ್ರೈಮರ್ ಪಟ್ಟಾಭಿ:

ಎನಾಮೆಲ್ ಪೂರ್ತಿ ತೆಗೀಬೇಕು ಸಾರ್, ಬೇರೆ ದಾರಿ ಇಲ್ಲ. ಲೈನರ್‌ನಲ್ಲಿರೋ ಸಾಲ್ವೆಂಟ್ ಜೋರು. ಅದು ಸಿಂಗಲ್ ಪ್ಯಾಕ್ ಎನಾಮೆಲ್ ಒಳಗೆ ಇಳಿದು ಅದನ್ನ ಮೆತ್ತಗೆ ಮಾಡಿ ಸುಕ್ಕು ಎಬ್ಬಿಸುತ್ತೆ. ಮೇಲಿನ ಲೈನರ್ ಎಷ್ಟು ಗಟ್ಟಿ ಇದ್ರೂ ಕೆಳಗಿನ ಪದರದ ಜೊತೆ ಚರ್ಮದ ಹಾಗೆ ಸುಲಿದು ಬರುತ್ತೆ. ಎಲ್ಲಿ ಎನಾಮೆಲ್ ಇದೆ, ಎಲ್ಲಿ ಕಂಪನಿ ಪೇಂಟ್ ಇದೆ ಅಂತ ನೋಡೋಕೆ ಬಟ್ಟೆಗೆ ಎನ್‌ಸಿ (ನೈಟ್ರೋಸೆಲ್ಯುಲೋಸ್) ತಿನ್ನರ್ ಹಾಕಿ ಅರ್ಧ ನಿಮಿಷ ಒತ್ತಿ ಹಿಡಿದು ಉಜ್ಜಿ. ಬಟ್ಟೆಗೆ ಬಣ್ಣ ಬಂದ್ರೆ, ಇಲ್ಲಾ ಪೇಂಟ್ ಅಂಟಂಟಾದ್ರೆ, ಅದನ್ನ ಕಿತ್ತುಹಾಕಿ. ಕಂಪನಿಯ ಬೇಕ್ ಆದ ಪೇಂಟ್ ಏನೂ ಆಗದೆ ಕೂತಿರುತ್ತೆ, ಅದನ್ನ 80 ನಂಬರ್ ಕಾಗದದಲ್ಲಿ ಹೊಳಪು ಪೂರ್ತಿ ಹೋಗೋವರೆಗೆ ಉಜ್ಜಿದ್ರೆ ಸಾಕು. ನೆಲದ ಏರಿಳಿತದ ಸಂದಿಗೆ ಕಾಗದ ಕೂರಲ್ಲ, ಅಲ್ಲಿಗೆ ಕೆಂಪು ಸ್ಕಾಚ್‌ಬ್ರೈಟ್. ಒದ್ದೆ ಬಟ್ಟೆಯಲ್ಲಿ ಒರೆಸಿ ಓರೆಯಾಗಿ ನೋಡಿದಾಗ ಹೊಳೆಯೋ ಜಾಗ ಉಳಿದಿದ್ರೆ ಲೈನರ್ ಮೊದಲು ಏಳೋದು ಅಲ್ಲೇ.

ಇನ್ನು ನಿಮ್ಮ ಲೋಡ್‌ಗೆ ಗಮನ ಕೊಡಿ. ಪೊಟ್ಯಾಷ್ ಅಂದ್ರೆ ಉಪ್ಪೇ. ಲೈನರ್ ಅಡಿಯಲ್ಲಿ ಉಪ್ಪು ಉಳಿದ್ರೆ ಪದರದ ಮೂಲಕ ನೀರನ್ನ ಎಳೆದುಕೊಂಡು ಗುಳ್ಳೆ ಎಬ್ಬಿಸುತ್ತೆ, ಗುಳ್ಳೆ ಒಳಗೆ ತುಕ್ಕು ಮತ್ತೆ ಶುರು. ಹಾಗಾಗಿ ಉಜ್ಜೋಕೆ ಮುಂಚೆ ಒಂದ್ಸಲ, ಗ್ರೈಂಡರ್ ಆಡಿಸಿದ ಮೇಲೆ ಇನ್ನೊಂದ್ಸಲ ಪ್ರೆಶರ್ ನೀರಲ್ಲಿ ತೊಳೀರಿ. ಮಡಿಕೆ, ಬೋಲ್ಟ್ ತೂತು, ಡ್ರೈನ್ ತೂತಿಗೆ ನೀರು ಬಿಟ್ಟು ಕೆಳಗಿಂದ ತಿಳಿ ನೀರು ಬರೋವರೆಗೆ. ಡೀಸೆಲ್‌ನಲ್ಲಿ ತೊಳೀಬೇಡಿ. ಎಣ್ಣೆ ಪಸೆ ಉಳಿಯುತ್ತೆ.

ತುಕ್ಕು: ಹಪ್ಪಳ ಎದ್ದಿರೋ ಕಡೆ ಮೊದಲು ಸ್ಕ್ರೂ ಡ್ರೈವರ್ ತುದಿಯಿಂದ ಚುಚ್ಚಿ ನೋಡಿ. ಒಳಗೆ ಇಳಿದ್ರೆ ಶೀಟ್ ಮುಗಿದಿದೆ, ಟಿಂಕರಿಂಗ್‌ನವರ ಹತ್ರ ಕತ್ತರಿಸಿ ಹೊಸ ತುಂಡು ವೆಲ್ಡ್ ಮಾಡಿಸಿ. ಪುಟ್ಟಿ ತುಂಬಬೇಡಿ. ಲೋಡ್ ಬಿದ್ದಾಗ ನೆಲ ಬಾಗುತ್ತೆ, ಪುಟ್ಟಿ ಬಿರಿಯುತ್ತೆ, ಮೇಲಾಗಿ ಅದು ನೀರನ್ನೂ ಹೀರುತ್ತೆ. ಶೀಟ್ ಗಟ್ಟಿ ಇದ್ರೆ ಗ್ರೈಂಡರ್‌ಗೆ ವೈರ್ ಕಪ್ ಬ್ರಶ್, ಆಮೇಲೆ 80ರ ಫ್ಲಾಪ್ ಡಿಸ್ಕ್. ಬರೀ ವೈರ್ ಬ್ರಶ್ ಆಡಿಸಿದ್ರೆ ತುಕ್ಕಿಗೇ ಪಾಲಿಶ್ ಬಂದು ಕಬ್ಬಿಣದ ಹಾಗೆ ಮಿನುಗುತ್ತೆ, ಮೋಸ ಹೋಗೋದು ಅಲ್ಲೇ. ಕಪ್ಪು ಚುಕ್ಕಿಯಾಗಿ ಉಳಿದ ಗುಳಿಗಳಿಗೆ ಮಾತ್ರ ಫಾಸ್ಫಾರಿಕ್ ಆಸಿಡ್ ಇರೋ ರಸ್ಟ್ ಕನ್ವರ್ಟರ್ ಹಚ್ಚಿ, ಮಿಕ್ಕಿದ ಆಸಿಡ್ ತೊಳೆದು ಒಣಗಿಸಿ. ಅಂಟು ಅಂಟಾಗಿ ಆಸಿಡ್ ಉಳಿದ್ರೆ ಮೇಲೆ ಹಚ್ಚೋ ಎಪಾಕ್ಸಿ ಪ್ರೈಮರ್ ಸರಿಯಾಗಿ ಕಚ್ಚಲ್ಲ.

ಬರಿ ಕಬ್ಬಿಣ ಕಂಡ ದಿನವೇ 2ಕೆ ಎಪಾಕ್ಸಿ ಪ್ರೈಮರ್. ನಿಮ್ಮೂರ ತೇವಕ್ಕೆ ರಾತ್ರಿ ಬಿಟ್ರೆ ಬೆಳಿಗ್ಗೆ ಕೆಂಪು ಪುಡಿ ಗ್ಯಾರಂಟಿ. ಎರಡು ಕೈ ಹಚ್ಚೋಕೆ ಬೆರೆಸಿದ ಮೇಲೆ 2 ಲೀಟರ್ ಆಗೋಷ್ಟು ಸಾಕು. ಪ್ರೈಮರ್ ಆದ ಮೇಲೆ ಶೀಟ್ ಮೇಲೆ ಶೀಟ್ ಕೂತ ಜಾಯಿಂಟ್‌ಗೆಲ್ಲ ಪಿಯು (ಪಾಲಿಯುರೆಥೇನ್) ಸೀಲಂಟ್ ಎಳೀರಿ. ಲೈನರ್ ದಪ್ಪ ಇದೆ, ಸಂದಿ ಮುಚ್ಚಿಕೊಳ್ಳುತ್ತೆ ಅಂತ ಬಿಡಬೇಡಿ. ಬಾಡಿ ಆಡಿದಾಗ ಲೈನರ್ ಸೀಳೋದು ಅದೇ ಗೆರೆಯಲ್ಲಿ. ಸಿಲಿಕೋನ್ ಸೀಲಂಟ್ ಮಾತ್ರ ಬೇಡ, ಅದರ ಮೇಲೆ ಯಾವ ಪೇಂಟೂ ಹಿಡಿಯಲ್ಲ.

ಎರಡು_ಕೋಟು:

ಪಟ್ಟಾಭಿ ಅಣ್ಣ ತಯಾರಿ ಎಲ್ಲಾ ಹೇಳಿದಾರೆ. ನಾನು ಲೆಕ್ಕ ಹೇಳ್ತೀನಿ.

ನೆಲ 44 ಚದರ ಅಡಿ, ಎರಡು ಸೈಡ್ 20, ಮುಂದೆ ಹಿಂದೆ ಸೇರಿ ಸುಮಾರು 14. ಒಟ್ಟು 78. ನೆಲದ ಏರಿಳಿತ, ಡೋರ್‌ನ ಮೇಲಂಚು ಸೇರಿಸಿದ್ರೆ 88 ಅಂತ ಹಿಡೀರಿ, ಅಂದ್ರೆ 8.2 ಚದರ ಮೀಟರ್. ಒಂದು ಚದರ ಮೀಟರ್ ಮೇಲೆ ಒಂದು ಲೀಟರ್ ಹರಡಿದ್ರೆ ಹಸಿಯಲ್ಲಿ 1 ಮಿ.ಮೀ. ದಪ್ಪ. ರೋಲರ್‌ನಲ್ಲಿ ಒಂದು ಕೋಟ್‌ಗೆ 0.3 ಮಿ.ಮೀ. ಕೂರುತ್ತೆ, ಎರಡಕ್ಕೆ 0.6. ಸುಮಾರು 5 ಲೀಟರ್ ಆಯ್ತು, ರೋಲರ್ ಕುಡಿಯೋದು, ಟ್ರೇಯಲ್ಲಿ ಉಳಿಯೋದು ಸೇರಿ 5.5. ಹರ್ಕ್ಯುಲೈನರ್ ತರಹದ 3.78 ಲೀಟರ್‌ನ ಒಂದು ಗ್ಯಾಲನ್ ಡಬ್ಬ ನಿಮಗೆ ಸಾಲಲ್ಲ. ಕಮ್ಮಿ ಬಿತ್ತು ಅಂತ ಎರಡನೇ ಕೋಟ್ ಎಳೆದು ತೆಳ್ಳಗೆ ಮಾಡೋ ಬದಲು ಸೈಡ್‌ಗೆ ಒಂದೂವರೆ ಕೋಟ್ ಸಾಕು ಮಾಡಿ, ನೆಲಕ್ಕೆ ಪೂರ್ತಿ ಕೊಡಿ.

ಸಿಂಗಲ್ ಪ್ಯಾಕ್ ಗಾಳಿಯ ತೇವ ಹೀರಿ ಗಟ್ಟಿಯಾಗೋದು. ತೇವ ವಿಪರೀತ ಇದ್ದು ಕೋಟ್ ದಪ್ಪ ಆದ್ರೆ ಒಳಗೆ ಹುಟ್ಟೋ ಕಾರ್ಬನ್ ಡೈಆಕ್ಸೈಡ್ ಹೊರಬರೋಕೆ ಜಾಗ ಸಿಗದೆ ಇಡೀ ಪದರ ಸೆಟ್ ದೋಸೆ ಥರ ತೂತು ತೂತಾಗುತ್ತೆ. ತೆರೆದ ಡಬ್ಬ ಎತ್ತಿಡೋಕೂ ಆಗಲ್ಲ, ಒಳಗೇ ಗಟ್ಟಿಯಾಗುತ್ತೆ. ನಿಮ್ಮ ಕಡೆ ನನ್ನ ಓಟು 2ಕೆಗೆ. ರಾಪ್ಟರ್ ಅನ್ನೋ 2ಕೆ ಬ್ರ್ಯಾಂಡ್‌ನಲ್ಲಾದ್ರೆ 750 ಮಿ.ಲೀ. ಬಾಟಲಿಗೆ 250 ಮಿ.ಲೀ. ಹಾರ್ಡ್ನರ್, 3:1. ಒಂದೊಂದೇ ಬಾಟಲಿ ಬೆರೆಸಿ. 20 ಡಿಗ್ರಿಯಲ್ಲಿ ಒಂದು ಗಂಟೆ ಸಿಗುತ್ತೆ, ಮೇ ತಿಂಗಳ ಬಿಸಿಲಿಗೆ ಅರ್ಧಕ್ಕಿಂತ ಹೆಚ್ಚು ನಂಬಬೇಡಿ. ನಾಲ್ಕು ಬಾಟಲಿಯ ಕಿಟ್ ಅಂದ್ರೆ 4 ಲೀಟರ್, ಹಾಗಾಗಿ ನಿಮಗೆ ಆರು ಬಾಟಲಿ. ಕೊಳ್ಳುವಾಗ ಅಲಿಫ್ಯಾಟಿಕ್ಕಾ (ಬಿಸಿಲಿಗೆ ಬಣ್ಣ ತಡೆಯೋ ಥರದ್ದಾ) ಅಂತ ಕೇಳಿ. ಅರೋಮ್ಯಾಟಿಕ್ ಆದ್ರೆ ಬಿಸಿಲಿಗೆ ಕಪ್ಪು ಹೋಗಿ ಬೂದಿ ಬಣ್ಣ ಬರುತ್ತೆ. ಗಟ್ಟಿತನ ತಕ್ಷಣ ಹೋಗಲ್ಲ, ನೋಡೋಕೆ ಮಾತ್ರ ಹಳೇ ಟೈರ್.

ಹಚ್ಚೋ ಕ್ರಮ: ಹಗ್ಗದ ಕೊಕ್ಕೆ ಬಿಚ್ಚಿ, ಅದರ ಬೋಲ್ಟ್ ತೂತಿಗೂ ಡ್ರೈನ್ ತೂತಿಗೂ ಪೇಪರ್ ಉಂಡೆ ತುರುಕಿ. ಬ್ರಶ್‌ನಲ್ಲಿ ಮೂಲೆ, ಜಾಯಿಂಟ್ ಮೊದಲು. ಆಮೇಲೆ ಮುಂದಿನ ಗೋಡೆ, ಸೈಡ್, ಕೊನೆಗೆ ನೆಲ, ಕ್ಯಾಬಿನ್ ಕಡೆಯಿಂದ ಹಿಂದಕ್ಕೆ ಸರಿಯುತ್ತಾ. ಮೊದಲನೇದು ಉದ್ದಕ್ಕೆ, ತೆಳ್ಳಗೆ. ಎರಡನೇದು ಅಡ್ಡಕ್ಕೆ. ಗೋಡೆಗೆ ಬಣ್ಣ ಹೊಡೆಯೋ ಅಗ್ಗದ ಸ್ಪಾಂಜ್ ರೋಲರ್ ತಂದ್ರೆ ಸಾಲ್ವೆಂಟ್‌ಗೆ ಕರಗಿ ಚೂರು ಚೂರು ಲೈನರ್‌ಗೇ ಅಂಟಿಕೊಳ್ಳುತ್ತೆ. ಟೆಕ್ಸ್ಚರ್ ರೋಲರ್ ಎರಡು ಹೆಚ್ಚುವರಿ ಇಟ್ಟುಕೊಳ್ಳಿ. ರಬ್ಬರ್ ಹರಳು ಇರೋ ಮಾಲಾದ್ರೆ ಐದು ನಿಮಿಷಕ್ಕೊಮ್ಮೆ ತಳದಿಂದ ಕಲಕಿ. ಇಲ್ದಿದ್ರೆ ಮೊದಲ ಅರ್ಧ ನುಣುಪು, ಕೊನೆಯ ಅರ್ಧ ಜಲ್ಲಿ.

ಮಾಸ್ಕಿಂಗ್ ಟೇಪನ್ನ ಎರಡನೇ ಕೋಟ್ ಹಸಿ ಇರುವಾಗಲೇ ಎಳೀರಿ. ಒಣಗಿದ ಮೇಲೆ ಎಳೆದ್ರೆ ಅಂಚೂ ಜೊತೇಲೇ ಏಳುತ್ತೆ. ಮರೆತ್ರೆ ಬ್ಲೇಡ್‌ನಲ್ಲಿ ಗೆರೆ ಕೊಯ್ದು ಆಮೇಲೆ ಬಿಡಿಸಿ.

ಹಾರ್ಡ್ನರ್‌ನಲ್ಲಿ ಐಸೋಸಯನೇಟ್ ಇದೆ, ಉಸಿರಾಟಕ್ಕೆ ಕೆಟ್ಟ ರಾಸಾಯನಿಕ ಅದು. ಎನ್95 ಧೂಳಿಗೆ ಮಾತ್ರ, ಆವಿಗಲ್ಲ. ಆರ್ಗ್ಯಾನಿಕ್ ವೇಪರ್ ಕಾರ್ಟ್ರಿಜ್ ಇರೋ ಮಾಸ್ಕ್, ನೈಟ್ರೈಲ್ ಗ್ಲೌಸ್, ಬಯಲು ಜಾಗ. ಆಸ್ತಮಾ ಇರೋರು ಈ ಕೆಲಸ ಬೇರೆಯವರಿಗೆ ಬಿಡಲಿ.

ಚೀಲದಂಗಡಿ:

ಒಂದು ತಕರಾರು. ಬಾಡಿಗೆ ಲೋಡ್ ಹೊಡೆಯೋ ಗಾಡಿಗೆ ಒರಟು ಹರಳಿನ ಲೈನರ್ ತಾಪತ್ರಯ. 50 ಕೆಜಿ ಚೀಲ ಎತ್ತಿ ಇಡೋದು ಕಮ್ಮಿ, ಎಳೆಯೋದೇ ಜಾಸ್ತಿ. ಪ್ಲಾಸ್ಟಿಕ್ ಹೆಣಿಗೆಯ ಗೊಬ್ಬರ ಚೀಲದ ತಳ ಆ ಹರಳಿಗೆ ಸಿಕ್ಕಿ ಎಳೆ ಬಿಡುತ್ತೆ, ಮೂರನೇ ಸಲಕ್ಕೆ ಯೂರಿಯಾ ನೆಲದಲ್ಲಿ. ನೆಲಕ್ಕೆ ಸಣ್ಣ ಟೆಕ್ಸ್ಚರ್ ಸಾಕು. ಇಲ್ಲಾಂದ್ರೆ ಲೈನರ್ ಮೇಲೆ ದಪ್ಪ ರಬ್ಬರ್ ಮ್ಯಾಟ್ ಹಾಸಿ, ಜಲ್ಲಿ ಏಟೂ ತಪ್ಪುತ್ತೆ.

ಪ್ರೈಮರ್ ಪಟ್ಟಾಭಿ:

ಟೆಕ್ಸ್ಚರ್ ವಿಷಯ ಒಪ್ತೀನಿ. ಮ್ಯಾಟ್ ಬೇಡ. ಮಳೆಗಾಲದಲ್ಲಿ ಅದರಡಿ ಗೊಬ್ಬರದ ನೀರು ವಾರಗಟ್ಟಲೆ ನಿಲ್ಲುತ್ತೆ. ಲೈನರ್‌ನಲ್ಲಿ ಒಂದು ಗೀರು ಇದ್ರೂ ಕಾಣೋದು ಶೀಟ್ ತೂತಾದ ಮೇಲೆ. ಹಾಕಲೇಬೇಕು ಅಂದ್ರೆ ಜಲ್ಲಿ ಲೋಡಿನ ದಿನ ಹಾಸಿ, ಸಂಜೆ ಎತ್ತಿ ತೊಳೀರಿ.

ಘಟ್ಟದಲೋಡು:

ಚುಚ್ಚಿ ನೋಡಿದೆ, ಎಡ ಮೂಲೇಲಿ ಅಂಗೈಯಷ್ಟು ಜಾಗ ಹೋಗಿದೆ, ವೆಲ್ಡಿಂಗ್‌ಗೆ ಕೊಡ್ತೀನಿ. ಇನ್ನೆರಡು ಡೌಟು. ಸಂಜೆ ಮಳೆ ಬರೋ ಹಾಗಿದೆ, ಯಾವ ಹೊತ್ತಿಗೆ ಹಚ್ಚಲಿ? ಹಿಂದಿನ ಡೋರ್ ಯಾವಾಗ ಮುಚ್ಚಬಹುದು?

ಎರಡು_ಕೋಟು:

ತಗಡಿನ ಶೆಡ್ ಅಡಿಯಲ್ಲಿ, ಪಕ್ಕ ತೆರೆದಿರಲಿ. ಬೆಳಿಗ್ಗೆ ಹತ್ತರ ಮುಂಚೆ ಬೇಡ, ಶೀಟ್ ಮೇಲೆ ಕಣ್ಣಿಗೆ ಕಾಣದ ಇಬ್ಬನಿ ಇರುತ್ತೆ. ಶೀಟ್‌ನ ಬಿಸಿ ಡ್ಯೂ ಪಾಯಿಂಟ್‌ಗಿಂತ (ಗಾಳಿಯ ತೇವ ಇಬ್ಬನಿಯಾಗಿ ಕೂರೋಕೆ ಶುರುವಾಗೋ ಉಷ್ಣತೆ) 3 ಡಿಗ್ರಿಯಾದ್ರೂ ಮೇಲಿರಬೇಕು. ಫೋನಿನ ಹವಾಮಾನ ಆ್ಯಪ್‌ನಲ್ಲಿ ಡ್ಯೂ ಪಾಯಿಂಟ್ ಸಿಗುತ್ತೆ. ಎರಡನೇ ಕೋಟ್ ಮಧ್ಯಾಹ್ನ ಮೂರರೊಳಗೆ ಮುಗಿದಿರಲಿ. ಮೊದಲನೇ ಕೋಟ್‌ಗೂ ಎರಡನೇದಕ್ಕೂ ನಡುವೆ ಮಳೆ ಬಂದು ಡಬ್ಬಿ ಮೇಲಿನ ಗಡುವು ದಾಟಿದ್ರೆ ಮತ್ತೆ 80ರಲ್ಲಿ ಉಜ್ಜಿಯೇ ಮುಂದುವರಿಸಿ.

ಡೋರ್ 48 ಗಂಟೆ ತೆರೆದೇ ಇರಲಿ. ಮುಂಚೆ ಮುಚ್ಚಿದ್ರೆ ಎರಡು ಅಂಚೂ ಅಂಟಿಕೊಂಡು, ತೆಗೆಯುವಾಗ ಒಂದು ಕಡೆಯದು ಕಿತ್ತು ಇನ್ನೊಂದು ಕಡೆಗೆ ಹೋಗುತ್ತೆ. ಹಿಂಜ್, ಲಾಕ್ ಕೂರೋ ಜಾಗಕ್ಕೆ ಲೈನರ್ ಹಚ್ಚಲೇಬೇಡಿ, ದಪ್ಪಕ್ಕೆ ಡೋರ್ ಕೂರಲ್ಲ. ಕಾಫಿ ಚೀಲ ಮೂರು ದಿನ ಬಿಟ್ಟು, ಜಲ್ಲಿ ಮತ್ತು ಗೊಬ್ಬರ ಏಳು ದಿನ ಬಿಟ್ಟು. ಉಳಿದ ಬಾಟಲಿಯನ್ನ ಬೆರೆಸದೆ ಎತ್ತಿಡಿ, ಗೀರು ಬಿದ್ದ ಕಡೆ ಉಜ್ಜಿ, ಒರೆಸಿ, ಅದನ್ನೇ ಹಚ್ಚಬಹುದು. ಅಂದ್ಹಾಗೆ ಡ್ರೈನ್ ತೂತಿನ ಪೇಪರ್ ತೆಗೆಯೋದು ಮರೀಬೇಡಿ.