ಸಹಾಯ ಬೇಕು: ಮಂಡಿನೋವಿರುವ ಅಮ್ಮನ ಜೊತೆ ಶೃಂಗೇರಿ

ಎಲ್ಲರಿಗೂ ನಮಸ್ಕಾರ. ನಾವು ಶಿವಮೊಗ್ಗದವರು. ಅಮ್ಮನಿಗೆ 74 ವರ್ಷ, ಶಾರದಾಂಬೆಯ ದರ್ಶನ ಮಾಡಬೇಕೆಂದು ತುಂಬಾ ಆಸೆ. ಮುಂದಿನ ವಾರ ತೀರ್ಥಹಳ್ಳಿ, ಕೊಪ್ಪ ಮೇಲೆ ಬಸ್ಸಲ್ಲಿ ಹೊರಟಿದ್ದೇವೆ.

ಅವರಿಗೆ ಮಂಡಿನೋವು ಜಾಸ್ತಿ. ಒಂದೊಂದು ಮೆಟ್ಟಿಲಿಗೂ ನನ್ನ ಭುಜ ಹಿಡಿದು ನಿಲ್ಲುತ್ತಾರೆ. ಆದರೂ ತುಂಗೆಯ ದಡಕ್ಕೆ ಇಳಿಯಲೇಬೇಕಂತೆ. ಹೆರುವ ಕಪ್ಪೆಗೆ ಹಾವು ಹೆಡೆಯ ನೆರಳು ಕೊಟ್ಟ ಕಥೆಯ ಕಪ್ಪೆ ಶಂಕರ ಶಿಲ್ಪ ನೋಡಬೇಕು, ಮೀನುಗಳನ್ನು ಹತ್ತಿರದಿಂದ ನೋಡಬೇಕು. ಮಂಡಕ್ಕಿ ಈಗಲೇ ಡಬ್ಬಿಗೆ ತುಂಬಿಟ್ಟಿದ್ದಾರೆ! ವಿದ್ಯಾಶಂಕರ ದೇವಸ್ಥಾನದ 12 ರಾಶಿ ಕಂಬಗಳಲ್ಲಿ ತಮ್ಮ ರಾಶಿಯದ್ದನ್ನೂ ಹುಡುಕಬೇಕಂತೆ.

ಇತ್ತೀಚೆಗೆ ಹೋದವರು ಹೇಳಿ: ಮಳೆಯಲ್ಲಿ ಆ ಮೆಟ್ಟಿಲು ಜಾರುತ್ತದೆಯಾ? ಹಿಡಿದುಕೊಳ್ಳಲು ಏನಾದರೂ ಇದೆಯಾ? ವೀಲ್‌ಚೇರ್ ಸಿಗುತ್ತದೆಯಾ? ಕೆಳಮಹಡಿಯ ರೂಮು ಸಿಕ್ಕರೆ ಸಾಕು. ಮರುದಿನ ಹೊರನಾಡಿಗೂ ಹೋಗೋಣ ಅಂತಾರೆ. ಆ ತಿರುವುಗಳ ದಾರಿ ಅವರಿಗೆ ಕಷ್ಟ ಆಗುತ್ತೆ ಅಲ್ವಾ?